ಪಿಟೀಲಿಗೂ ಕವಿತೆಗೂ ಹಳೆಯ ಮನೆಯೇ ಏಕೆ?

ಮಾನ್ಯ ಓದುಗರೇ,

ಪಾರಂಪರಿಕ ಮನೆಯೊಂದರ ನಡುಮನೆಯಲ್ಲಿ ನಡೆದ ಪಿಟೀಲು ಮತ್ತು ಕವಿತೆಯ ಸಂಜೆಯ ಬಗ್ಗೆ ನಾವು ಪ್ರಕಟಿಸಿದ ಬರಹ ಓದಿ ಎರಡು ಪ್ರಶ್ನೆ ಕೇಳಿದ್ದೀರಿ. ದೊಡ್ಡ ಸಭಾಂಗಣದಲ್ಲಿ ಧ್ವನಿವರ್ಧಕ ಇಟ್ಟು ನಡೆಸಿದ್ದರೆ ನೂರಾರು ಜನ ಕೇಳುತ್ತಿರಲಿಲ್ಲವೇ? ಕವಿತೆ ಓದುವಾಗ ಪಿಟೀಲು ಸುಮ್ಮನಿದ್ದದ್ದೇಕೆ?

ಮೊದಲ ಪ್ರಶ್ನೆಯ ಹಿಂದಿನ ಕಳಕಳಿ ನ್ಯಾಯವಾದದ್ದು. ಪರಿಚಯಸ್ಥರಿಗಷ್ಟೇ ಬಾಗಿಲು ತೆರೆಯುವ ಕಾರ್ಯಕ್ರಮವನ್ನು ನಾನೂ ಒಪ್ಪುವುದಿಲ್ಲ. ಆದರೆ ಅದಕ್ಕೆ ಪರಿಹಾರ, ಅದೇ ಕೋಣೆಯಲ್ಲಿ ಮತ್ತೆರಡು ಸಂಜೆ ನಡೆಸುವುದು.

ಮಾತಿನಲ್ಲಿ ಸ್ವರಗಳಿಗೆ ಬಲ ಹೆಚ್ಚು, ವ್ಯಂಜನಗಳಿಗೆ ಕಡಿಮೆ. ಸದ್ದು ಬಹಳ ಹೊತ್ತು ಅನುರಣಿಸುವ ಸಭಾಂಗಣದಲ್ಲಿ ಹಿಂದಿನ ಸ್ವರದ ಬಾಲ ಮುಂದಿನ ವ್ಯಂಜನವನ್ನು ಮುಚ್ಚಿಹಾಕುತ್ತದೆ. ಒತ್ತಕ್ಷರಗಳ ಮೇಲೆ ಹೆಜ್ಜೆಯಿಟ್ಟು ನಡೆಯುವ ಕನ್ನಡ ಕವಿತೆಗೆ ಇದು ದೊಡ್ಡ ನಷ್ಟ. ಪರದೆ, ಪುಸ್ತಕದ ಕಪಾಟು, ಕುಳಿತವರ ಬಟ್ಟೆಗಳೆಲ್ಲ ಸದ್ದನ್ನು ಹೀರಿಕೊಳ್ಳುವ ಕೋಣೆಯಲ್ಲಿ ತಗ್ಗಿದ ದನಿಯೂ ಕೊನೆಯ ಸಾಲಿಗೆ ಬಿಡಿಬಿಡಿಯಾಗಿ ತಲುಪುತ್ತದೆ. ಪಿಟೀಲಿನದ್ದೂ ಅದೇ ಕಥೆ. ಕಮಾನಿನ ಕೂದಲು ತಂತಿಯನ್ನು ಕಚ್ಚುವಾಗ, ಸ್ವರ ಇನ್ನೂ ತಿಳಿಯಾಗುವ ಮುನ್ನ, ಒಂದು ಒರಟು ಸದ್ದು ಹುಟ್ಟುತ್ತದೆ. ಅದರ ಹಿಂದೆಯೇ ವಾದಕರ ಉಸಿರು. ಮೈಕ್ ಇವನ್ನೂ ಹಿಡಿಯಬಲ್ಲದು, ನಿಜ. ಆದರೆ ಆಗ ಸದ್ದು ಬರುವುದು ಗೋಡೆಯ ಮೇಲಿನ ಪೆಟ್ಟಿಗೆಯಿಂದ, ಕಣ್ಣೆದುರಿನ ಪಿಟೀಲಿನ ಮರದಿಂದಲ್ಲ.

ಎರಡನೆಯ ಪ್ರಶ್ನೆಯಲ್ಲಿ ನನ್ನ ನಿಲುವು ಖಚಿತ: ಓದಿನ ಅಡಿಯಲ್ಲಿ ಪಿಟೀಲು ಹರಿಸಬಾರದು. ಪಾಶ್ಚಾತ್ಯ ಶ್ರುತಿಯ ಪಿಟೀಲಿನ ಅತಿ ಕೆಳಗಿನ ತಂತಿ ಸುಮಾರು 196 ಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ ಅಷ್ಟು ಬಾರಿ, ಮಿಡಿಯುತ್ತದೆ. ಹೆಣ್ಣುದನಿಯ ಮಾತೂ ಹೆಚ್ಚುಕಡಿಮೆ ಅಲ್ಲಿಯೇ ಓಡಾಡುತ್ತದೆ. ಒಂದೇ ಜಾಗಕ್ಕೆ ಇಬ್ಬರು ಬಂದರೆ ಸೋಲುವುದು ಮಾತು. ಸಿನಿಮಾದ ಹಿನ್ನೆಲೆ ಸಂಗೀತ ನಮಗೆ ಬೇರೆ ಅಭ್ಯಾಸ ಮಾಡಿಸಿದೆ, ಅಷ್ಟೇ.

1725ರಲ್ಲಿ ಅಚ್ಚಾದ, ಇಟಲಿಯ ಸಂಗೀತ ರಚನಕಾರ ವಿವಾಲ್ಡಿಯ ಪಿಟೀಲು ಕೃತಿಗಳು ‘ನಾಲ್ಕು ಋತುಗಳು’ ನೋಡಿ. ಪ್ರತಿ ಋತುವಿಗೂ ಒಂದು ಸಾನೆಟ್, ಅಂದರೆ ಹದಿನಾಲ್ಕು ಸಾಲಿನ ಕವಿತೆ, ಇದೆ. ಅದರ ಸಾಲುಗಳನ್ನು ಸ್ವರಲಿಪಿಯಲ್ಲಿ ಆಯಾ ಜಾಗಕ್ಕೇ ಹೊಂದಿಸಲಾಗಿದೆ. ವಸಂತದ ನಡುಭಾಗದಲ್ಲಿ ಮೇಕೆ ಕಾಯುವವನು ಮಲಗಿದ್ದಾನೆ. ಒಂಟಿ ಪಿಟೀಲು ಅವನ ನಿದ್ದೆ, ಕೆಳಗೆ ಮತ್ತೆ ಮತ್ತೆ ಬರುವ ವಯೋಲಾದ (ಪಿಟೀಲಿಗಿಂತ ತುಸು ದೊಡ್ಡ, ದನಿ ತಗ್ಗಿದ ವಾದ್ಯ) ಎರಡು ಗಡುಸು ಸ್ವರಗಳು ಅವನ ನಾಯಿಯ ಬೊಗಳು. ಸಾನೆಟ್ಟನ್ನು ಮೊದಲು ಓದಿ, ಕ್ಷಣಕಾಲ ಬಿಟ್ಟು ನುಡಿಸಿದರೆ ನಾಯಿ ನಮಗೇ ಸಿಗುತ್ತದೆ. ನುಡಿಸುತ್ತಿರುವಾಗಲೇ ಓದಿದರೆ, ನಾವು ಕಂಡುಕೊಳ್ಳಬೇಕಾದದ್ದನ್ನು ಓದುವವರು ಬೆರಳಿಟ್ಟು ತೋರಿಸಿದಂತೆ.

ನೀವೇ ಇಂಥ ಸಂಜೆ ಏರ್ಪಡಿಸುವುದಾದರೆ ಒಂದು ಮಾತು. ಜನ ತುಂಬಿದಂತೆ ಕೋಣೆ ಬಿಸಿಯಾಗುತ್ತದೆ, ತೇವವೂ ಏರುತ್ತದೆ. ತಂತಿಗಳ ಶ್ರುತಿ ಜಾರುತ್ತದೆ. ಪ್ರತಿ ಕವಿತೆಯ ನಂತರ ವಾದಕರಿಗೆ ಶ್ರುತಿ ಮಾಡಿಕೊಳ್ಳಲು ಸಮಯ ಕೊಡಿ. ಕೇಳಿದ ಕವಿತೆ ಮನಸ್ಸಿಗಿಳಿಯಲು ಸಭಿಕರಿಗೂ ಅಷ್ಟು ಹೊತ್ತು ಬೇಕು; ಆಗ ನಿರೂಪಕರು ಮಾತಾಡಲು ಏಳದಂತೆ ನೋಡಿಕೊಳ್ಳಿ.

– ಸಂಪಾದಕ