ಪದ ಇಲ್ಲದೆ ಆಟ ನಡೆಯಬಾರದು

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಪ್ರಶ್ನೆಗಳು ಒಂದೇ ವಿಷಯದ ಮೇಲಿವೆ: ಆರರಿಂದ ಎಂಟು ವರ್ಷದ ಮಕ್ಕಳಿಗೆ ಆಟ ಆಡಿಸುತ್ತಾ ಜರ್ಮನ್ ಕಲಿಸುವುದು ಹೇಗೆ? ಹಾಗಾಗಿ ಪುಟ ಪೂರ್ತಿ ಅದಕ್ಕೇ ಇಟ್ಟಿದ್ದೇನೆ.

ಪ್ರಶ್ನೆ: ಎರಡನೇ ತರಗತಿಗೆ ವಾರಕ್ಕೆ ಎರಡು ಪೀರಿಯಡ್ ಜರ್ಮನ್ ತೆಗೆದುಕೊಳ್ಳುತ್ತೇನೆ. ಬಾಲ್ ಎಸೆಯುವುದು, ಓಡಿ ಹೋಗಿ ಚಿತ್ರ ಮುಟ್ಟುವುದು, ಕುರ್ಚಿ ಆಟ, ಎಲ್ಲಾ ಮಾಡಿಸಿದ್ದೇನೆ. ಮಕ್ಕಳಿಗೆ ಖುಷಿಯೋ ಖುಷಿ. ಆದರೆ ಮುಂದಿನ ವಾರ ಕೇಳಿದರೆ ಒಂದು ಪದವೂ ಬಾಯಿಗೆ ಬರುವುದಿಲ್ಲ. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ: ನಿಮ್ಮ ಆಟಗಳಲ್ಲಿ ಒಂದನ್ನು ತೆಗೆದುಕೊಳ್ಳಿ. ಅದರಿಂದ ಜರ್ಮನ್ ಪದವನ್ನು ಕಿತ್ತುಹಾಕಿ ನೋಡಿ. ಆಗಲೂ ಆಟ ನಡೆಯುತ್ತದಾ? ನಡೆದರೆ ಅಲ್ಲೇ ತೊಂದರೆ ಇದೆ. ಬಾಲ್ ಎಸೆಯುವಾಗ ಒಂದು ಬಣ್ಣದ ಹೆಸರು ಹೇಳಬೇಕು ಅಂತ ನೀವು ನಿಯಮ ಮಾಡಿರುತ್ತೀರಿ, ಆದರೆ ಮಗುವಿನ ಗಮನ ಎಲ್ಲಾ ಬಾಲ್ ಮೇಲಿರುತ್ತದೆ, ಪಕ್ಕದವನು ಹೇಳಿದ್ದನ್ನೇ ತಾನೂ ಹೇಳಿ ಎಸೆದುಬಿಡುತ್ತದೆ. ಆ ಪದದಿಂದ ಅದಕ್ಕೆ ಏನೂ ಆಗಬೇಕಿಲ್ಲ, ಅಲ್ವಾ? ಪದ ಗೊತ್ತಿದ್ದರೆ ಗೆಲುವು, ಗೊತ್ತಿಲ್ಲದಿದ್ದರೆ ಆಟವೇ ನಿಂತುಹೋಗುತ್ತದೆ ಅನ್ನುವ ಹಾಗಿರಬೇಕು. ಆಗ ಮಕ್ಕಳು ತಾವಾಗಿಯೇ ಕಿವಿ ಕೊಡುತ್ತಾರೆ.

ಇದಕ್ಕೆ ನನಗೆ ತುಂಬಾ ಇಷ್ಟವಾದದ್ದು ಜರ್ಮನಿಯ ಮಕ್ಕಳು ಆಡುವ ಮೀನುಗಾರನ ಆಟ. ಬಯಲಿನ ಒಂದು ತುದಿಯಲ್ಲಿ ಒಬ್ಬ ಮೀನುಗಾರ, ಇನ್ನೊಂದು ತುದಿಯಲ್ಲಿ ಉಳಿದವರೆಲ್ಲಾ. ನಡುವೆ ನೀರು ಅಂತ ಅಂದುಕೊಳ್ಳಬೇಕು. ಎಲ್ಲರೂ ಒಟ್ಟಿಗೆ ಕೂಗುತ್ತಾರೆ: 'ಫಿಶರ್, ಫಿಶರ್, ವೆಲ್ಷೆ ಫಾನೆ ವೇಟ್ ಹೊಯ್ಟೆ?' ಮೀನುಗಾರ, ಇವತ್ತು ಯಾವ ಬಾವುಟ ಹಾರುತ್ತಿದೆ ಅಂತ ಅರ್ಥ. ಅವನು 'ರೋಟ್' ಅಂದರೆ ಮೈಮೇಲೆ ಎಲ್ಲಾದರೂ ಕೆಂಪು ಇರುವವರು ಆರಾಮಾಗಿ ನಡೆದು ದಾಟಬಹುದು. ಇಲ್ಲದವರು ಅವನ ಕೈಗೆ ಸಿಗದ ಹಾಗೆ ಓಡಬೇಕು. ಸಿಕ್ಕಿಬಿದ್ದವರು ಮೀನುಗಾರನ ಕಡೆ ಸೇರಿಕೊಳ್ಳುತ್ತಾರೆ. ಮಕ್ಕಳು ಯೂನಿಫಾರ್ಮ್‌ನಲ್ಲಿದ್ದರೆ ಕೈಗೆ ಬಣ್ಣದ ರಿಬ್ಬನ್ ಕಟ್ಟಿ, ಸಾಕು.

ಆಟ ಆಡಿಸುವಾಗ ಮಕ್ಕಳ ಮುಖ ನೋಡುತ್ತಾ ನಿಂತುಕೊಳ್ಳಿ. 'ಗೆಲ್ಪ್' ಅಂತ ಕೇಳಿದ ಕೂಡಲೇ ಒಬ್ಬಳು ತನ್ನ ಅಂಗಿ ನೋಡಿಕೊಳ್ಳುತ್ತಾಳೆ, ಆಮೇಲೆ ಕಾಲುಚೀಲ, ಆಮೇಲೆ ತಲೆಗೆ ಹಾಕಿದ ಕ್ಲಿಪ್ ಮುಟ್ಟಿ ನೋಡುತ್ತಾಳೆ. ಹಳದಿ ಇದೆಯಾ ಇಲ್ಲವಾ? ಆ ಅರ್ಧ ಕ್ಷಣದಲ್ಲಿ ಪದ ಒಳಗೆ ಹೋಗಿ ಕೂರುತ್ತದೆ. ನಾವು ಬೋರ್ಡ್ ಮೇಲೆ ಹತ್ತು ಸಲ ಬರೆದರೂ ಅಷ್ಟು ಗಟ್ಟಿಯಾಗಿ ಕೂರುವುದಿಲ್ಲ. ಇನ್ನೊಂದು ಲಾಭ, ಎಲ್ಲರಿಗೂ ಮೀನುಗಾರ ಆಗುವ ಆಸೆ ಇರುತ್ತದೆ, ಮೀನುಗಾರ ಆಗಬೇಕಾದರೆ ಬಣ್ಣದ ಹೆಸರು ಬಾಯಲ್ಲಿ ಇರಲೇಬೇಕು.

ಬಣ್ಣ ಮುಗಿದರೆ ಇದೇ ಆಟಕ್ಕೆ ಇನ್ನೊಂದು ರೂಪ ಇದೆ. 'ನೀರು ಎಷ್ಟು ಆಳ?' ಅಂತ ಕೇಳುತ್ತಾರೆ, ಅವನು ಒಂದು ಸಂಖ್ಯೆ ಹೇಳುತ್ತಾನೆ. 'ದಾಟುವುದು ಹೇಗೆ?' ಅಂತ ಕೇಳುತ್ತಾರೆ, ಅವನು ಕುಣಿದು, ತೆವಳಿ, ಹಿಮ್ಮುಖವಾಗಿ ಅಂತ ಏನಾದರೂ ಹೇಳುತ್ತಾನೆ. ಎಲ್ಲರೂ ಹಾಗೇ ದಾಟಬೇಕು, ಹಿಡಿಯಲು ಬರುವ ಅವನೂ ಹಾಗೇ ಬರಬೇಕು. ಸಂಖ್ಯೆ, ಕ್ರಿಯಾಪದ ಎರಡೂ ಬಂದುಹೋಗುತ್ತವೆ.

ಮಳೆ ಬಂದು ಒಳಗೇ ಕೂರಬೇಕಾದರೆ 'ಆಲೆ ಫ್ಯೋಗೆಲ್ ಫ್ಲೀಗೆನ್ ಹೋಖ್' ಆಡಿಸಿ. ಎಲ್ಲರೂ ಬೆರಳಿನಿಂದ ಮೇಜು ತಟ್ಟುತ್ತಿರುತ್ತಾರೆ. ನೀವು 'ಎಲ್ಲಾ ಹಕ್ಕಿಗಳು ಮೇಲೆ ಹಾರುತ್ತವೆ' ಅಂತ ಜರ್ಮನ್‌ನಲ್ಲಿ ಹೇಳಿದರೆ ಕೈ ಮೇಲೆತ್ತಬೇಕು. ಹಕ್ಕಿ ಬದಲು ಮೇಜು, ಪುಸ್ತಕ ಅಂದರೆ ಎತ್ತಬಾರದು, ಎತ್ತಿದವರು ಔಟ್. ನಿಮ್ಮ ಕೈ ಮಾತ್ರ ಪ್ರತಿ ಸಲ ಮೇಲೆ ಹೋಗಲಿ. ಆಗ ನಿಮ್ಮನ್ನು ನೋಡಿ ಮಾಡುವ ಮಗು ಸಿಕ್ಕಿಬೀಳುತ್ತದೆ, ಕೇಳಿ ಮಾಡುವ ಮಗು ಉಳಿಯುತ್ತದೆ.

ಕೊನೆಯದಾಗಿ, ಪ್ರತಿ ಕ್ಲಾಸಿಗೂ ಹೊಸ ಆಟ ತರುವ ಶ್ರಮ ಬಿಡಿ. ಹೊಸ ಆಟ ಅಂದರೆ ನಿಯಮ ವಿವರಿಸುವುದಕ್ಕೇ ಹತ್ತು ನಿಮಿಷ ಬೇಕು, ಅದೂ ಜರ್ಮನ್ ಅಲ್ಲದ ಭಾಷೆಯಲ್ಲಿ. ಹಳೇ ಆಟ ಇರಲಿ, ಪದ ಮಾತ್ರ ಬದಲಾಗಲಿ, ಒಂದು ಸಲಕ್ಕೆ ಐದಾರು ಪದ ಸಾಕು.

ಪ್ರಶ್ನೆ: ಜರ್ಮನ್ ನಾಮಪದದ ಮುಂದೆ ಬಂದು ಅದರ ಲಿಂಗ ತೋರಿಸುವ ಡೇರ್ (ಗಂಡು), ಡೀ (ಹೆಣ್ಣು), ಡಾಸ್ (ನಪುಂಸಕ) ಇಷ್ಟು ಚಿಕ್ಕ ಮಕ್ಕಳಿಗೆ ಹೇಳಿಕೊಡಬೇಕಾ? ನನಗೇ ಅದು ತಲೆನೋವು.

ಉತ್ತರ: ಹೇಳಿಕೊಡಿ, ಆದರೆ ವಿವರಿಸಬೇಡಿ. ಪದವನ್ನು ಯಾವತ್ತೂ ಒಂಟಿಯಾಗಿ ಹೇಳಬೇಡಿ ಅಷ್ಟೇ. ನಾಯಿಗೆ 'ಹುಂಟ್' ಅಲ್ಲ, 'ಡೇರ್ ಹುಂಟ್'. ಮಗುವಿನ ಕಿವಿಗೆ ಅದು ಒಂದೇ ಪದದ ಹಾಗೆ ಬೀಳಲಿ. ಡೇರ್‌ಗೆ ನೀಲಿ, ಡೀಗೆ ಕೆಂಪು, ಡಾಸ್‌ಗೆ ಹಸಿರು ಅಂತ ಬಹಳ ಜರ್ಮನ್ ಟೀಚರ್‌ಗಳು ಬಣ್ಣ ಬಳಸುತ್ತಾರೆ. ಮೂರು ಗೋಡೆಗಳಿಗೆ ಮೂರು ಬಣ್ಣದ ಕಾಗದ ಅಂಟಿಸಿ, ನೀವು 'ಡೀ ಸೊನ್ನೆ' (ಸೂರ್ಯ) ಅಂದರೆ ಕೆಂಪು ಗೋಡೆಗೆ ಓಟ, 'ಡೇರ್ ಮೋಂಟ್' (ಚಂದ್ರ) ಅಂದರೆ ನೀಲಿ ಗೋಡೆಗೆ. ನಾಲ್ಕೈದು ವಾರ ಆದಮೇಲೆ ಡೇರ್, ಡೀ ಬಿಟ್ಟು ಬರೀ ಪದ ಹೇಳಿ ನೋಡಿ. ಎಷ್ಟು ಮಕ್ಕಳು ಸರಿಯಾದ ಗೋಡೆಗೆ ಹೋಗುತ್ತಾರೆ ಅಂತ ನಿಮಗೇ ಆಶ್ಚರ್ಯ ಆಗುತ್ತದೆ.

ಸೂರ್ಯ ಹೆಣ್ಣು, ಚಂದ್ರ ಗಂಡು ಅಂದರೆ ಮಕ್ಕಳು ನಗುತ್ತಾರೆ. ನಗಲಿ, ನಕ್ಕಿದ್ದು ಮರೆತುಹೋಗುವುದಿಲ್ಲ. ಹುಡುಗಿ ಅನ್ನುವ ಪದ 'ಡಾಸ್ ಮೇಡ್‌ಷೆನ್', ಅಂದರೆ ನಪುಂಸಕಲಿಂಗ, ಯಾಕಂದರೆ 'ಷೆನ್' ಅಂತ ಮುಗಿಯುವ ಪುಟ್ಟ ರೂಪಗಳೆಲ್ಲಾ ಡಾಸ್. ದೊಡ್ಡವರಿಗೆ ಇದು ವಿಚಿತ್ರ ಅನಿಸುತ್ತದೆ. ಆದರೆ ಕನ್ನಡದಲ್ಲಿ ನಾವು 'ಮಗು ನಗುತ್ತಿದೆ' ಅನ್ನುತ್ತೇವೆ, ಮಗು ಹೆಣ್ಣಾದರೂ ಗಂಡಾದರೂ ನಪುಂಸಕವೇ. ಜರ್ಮನ್‌ನಲ್ಲೂ ಮಗು 'ಡಾಸ್ ಕಿಂಟ್'. ಮೂರು ಲಿಂಗ ಇರುವ ಭಾಷೆ ಕನ್ನಡದ ಮಗುವಿಗೆ ಹೊಸದೇನಲ್ಲ.

ಪ್ರಶ್ನೆ: ನನ್ನ ಮಗಳು ಜರ್ಮನ್ ಕ್ಲಾಸಿಗೆ ಸೇರಿ ಮೂರು ತಿಂಗಳಾಯಿತು. ಒಂದು ಪದವೂ ಮಾತಾಡಿಲ್ಲವಂತೆ. ಬಿಡಿಸಿಬಿಡಲಾ?

ಉತ್ತರ: ಬೇಡಮ್ಮಾ, ದಯವಿಟ್ಟು ಬಿಡಿಸಬೇಡಿ. ನೀವು ಕೇಳಬೇಕಾದ್ದು ಅವಳು ಮಾತಾಡುತ್ತಾಳಾ ಅಂತಲ್ಲ, ಹೇಳಿದ್ದನ್ನು ಮಾಡುತ್ತಾಳಾ ಅಂತ. 'ಎದ್ದು ನಿಲ್ಲು', 'ಬಾಗಿಲು ಮುಚ್ಚು' ಅಂತ ಜರ್ಮನ್‌ನಲ್ಲಿ ಹೇಳಿದಾಗ ಸರಿಯಾಗಿ ಮಾಡಿದರೆ ಅವಳು ಕಲಿಯುತ್ತಿದ್ದಾಳೆ. ಮನೆಮಾತನ್ನೂ ಮಕ್ಕಳು ತಿಂಗಳುಗಟ್ಟಲೆ ಕೇಳಿ, ಹೇಳಿದ್ದಕ್ಕೆ ತಿರುಗಿ ನೋಡಿ, ಆಮೇಲಲ್ಲವೇ ಮಾತಾಡುವುದು? ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಆಶರ್ 1960ರ ದಶಕದಲ್ಲಿ ಇದನ್ನೇ ಹಿಡಿದು ಒಂದು ಪಾಠಕ್ರಮ ಕಟ್ಟಿದರು, ಟೋಟಲ್ ಫಿಸಿಕಲ್ ರೆಸ್ಪಾನ್ಸ್ ಅಂತ ಅದರ ಹೆಸರು. ಟೀಚರ್ ಹೇಳುತ್ತಾರೆ, ಕಲಿಯುವವರು ಮೈಯಿಂದ ಉತ್ತರ ಕೊಡುತ್ತಾರೆ. ಮಾತು ತಾನಾಗಿ ಬರುವವರೆಗೆ ಒತ್ತಾಯ ಇಲ್ಲ.

ನನ್ನ ಕ್ಲಾಸಿನಲ್ಲೂ ಹೀಗೇ ಒಬ್ಬ ಹುಡುಗ ಇದ್ದ. ಎಲ್ಲಾ ಆಟದಲ್ಲೂ ಇರುತ್ತಿದ್ದ, ತುಟಿ ಮಾತ್ರ ಬಿಚ್ಚುತ್ತಿರಲಿಲ್ಲ. ನಾನು ಬಟ್ಟೆ ಚೀಲದೊಳಗೆ ಸಾಮಾನು ಹಾಕಿ, ಕಣ್ಣು ಮುಚ್ಚಿ ಮುಟ್ಟಿ ಹೇಳುವ ಆಟ ಆಡಿಸುತ್ತಿದ್ದೆ. ಒಂದು ದಿನ ಅವನ ಪಕ್ಕದ ಹುಡುಗಿ ಚೀಲದೊಳಗೆ ಕೈ ಹಾಕಿ ಬೀಗದ ಕೈ ಹಿಡಿದುಕೊಂಡು 'ಲೊಫೆಲ್' ಅಂದಳು, ಅಂದರೆ ಚಮಚ. ಚೀಲದ ಹೊರಗಿಂದ ಅದರ ಆಕಾರ ಅವನಿಗೆ ಕಾಣುತ್ತಿತ್ತು. 'ನೈನ್! ಡೇರ್ ಶ್ಲುಸೆಲ್!' ಅಂತ ಕೂಗಿಬಿಟ್ಟ. ಕೂಗಿದ್ದು ತಾನೇ ಅಂತ ಅವನಿಗೆ ಗೊತ್ತಾಗಿದ್ದು ಆಮೇಲೆ. ನಾನು ಚಪ್ಪಾಳೆ ತಟ್ಟಲಿಲ್ಲ, ಹೊಗಳಲಿಲ್ಲ, ಹೌದು ಅಂತ ಹೇಳಿ ಆಟ ಮುಂದುವರಿಸಿದೆ. ಎಲ್ಲರೂ ತಿರುಗಿ ನೋಡಿದ್ದರೆ ಮತ್ತೆ ಮುಚ್ಚಿಕೊಳ್ಳುತ್ತಿದ್ದ. ಡೇರ್ ಕೂಡ ಸರಿಯಾಗಿತ್ತು, ನೋಡಿ.

ಪ್ರಶ್ನೆ: ಎರಡು ಚುಕ್ಕೆ ಇರುವ ಯು, ಓ ಅಕ್ಷರಗಳ ಉಚ್ಚಾರ ಮಕ್ಕಳಿಗೆ ಬರುತ್ತಿಲ್ಲ. ಕನ್ನಡದಲ್ಲಿ ಬರೆದುಕೊಡಬಹುದಾ?

ಉತ್ತರ: ಬರೆದುಕೊಡಬೇಡಿ. ನಾನು ಇಲ್ಲಿ ಬರೆದಿರುವುದು ಓದುಗರಿಗೆ ಒಂದು ಅಂದಾಜು ಸಿಗಲಿ ಅಂತ, ಆ ಸ್ವರಗಳಿಗೆ ಕನ್ನಡದಲ್ಲಿ ಅಕ್ಷರವೇ ಇಲ್ಲ. ಬಾಯಲ್ಲಿ ಮಾಡಿ ತೋರಿಸಿ. 'ಈ' ಅಂತ ಎಳೆಯುತ್ತಾ ಇರಿ, ನಾಲಿಗೆ ಅಲ್ಲಾಡಿಸಬೇಡಿ, ತುಟಿ ಮಾತ್ರ 'ಊ'ಗೆ ಮಾಡುವ ಹಾಗೆ ಗುಂಡಗೆ ಮಾಡಿ. ಅದೇ ಚುಕ್ಕೆಯ ಯು. 'ಏ' ಎಳೆಯುತ್ತಾ ತುಟಿ 'ಓ' ಮಾಡಿದರೆ ಚುಕ್ಕೆಯ ಓ. ಒಂದೊಂದು ಮಗುವಿನ ಕೈಗೂ ಒಂದು ಪುಟ್ಟ ಕನ್ನಡಿ ಕೊಟ್ಟು, ಮೀನಿನ ಬಾಯಿ ಮಾಡೋಣ ಅಂದರೆ ಎರಡು ನಿಮಿಷದಲ್ಲಿ ಕಲಿಯುತ್ತಾರೆ.

ಪ್ರಶ್ನೆ: ಇಪ್ಪತ್ತರವರೆಗೆ ಎಣಿಕೆ ಚೆನ್ನಾಗಿ ಬರುತ್ತದೆ. ಆಮೇಲೆ 45 ಅಂದರೆ 54 ಬರೆಯುತ್ತಾರೆ. ಏನು ಮಾಡಲಿ?

ಉತ್ತರ: ಜರ್ಮನ್ ಮಾತಾಡುವ ಮನೆಯ ಮಕ್ಕಳೂ ಹೀಗೇ ತಪ್ಪುತ್ತಾರೆ, ಗಾಬರಿ ಬೇಡ. ನಾವು ಇಪ್ಪತ್ತೊಂದು ಅನ್ನುತ್ತೇವೆ, ಅವರು 'ಒಂದು ಮತ್ತು ಇಪ್ಪತ್ತು' ಅನ್ನುತ್ತಾರೆ. ಕೆಂಪು ದಾಳ ಬಿಡಿಗೆ, ನೀಲಿ ದಾಳ ಹತ್ತಕ್ಕೆ ಅಂತ ಇಟ್ಟುಕೊಳ್ಳಿ. ಮೊದಲು ಕೆಂಪು ಉರುಳಿಸಿ ಹೇಳಬೇಕು, 'ಫಿಯರ್'. ನಡುವೆ 'ಉಂಟ್' ಅಂತ ಜೋರಾಗಿ ಚಪ್ಪಾಳೆ. ಆಮೇಲೆ ನೀಲಿ ಉರುಳಿಸಿ, 'ಫ್ಯುನ್ಫ್‌ಟ್ಸಿಷ್'. ಆಯಿತು 54. ನೀಲಿಯಲ್ಲಿ ಒಂದು ಬಿದ್ದರೆ ಇನ್ನೊಮ್ಮೆ ಹಾಕಿಸಿ, ಹತ್ತರಿಂದ ಇಪ್ಪತ್ತರ ಒಳಗಿನ ಹೆಸರುಗಳ ದಾರಿಯೇ ಬೇರೆ. ಬೆರಳಲ್ಲಿ ಎಣಿಸುವಾಗ ಜರ್ಮನ್ನರ ಹಾಗೆ ಹೆಬ್ಬೆರಳಿನಿಂದ ಶುರು ಮಾಡಿಸಿ. ತೋರುಬೆರಳು ಅವರಿಗೆ ಎರಡನೆಯದು.

ಪ್ರಶ್ನೆ: ನನಗೆ ಬರುವುದು ಎ1, ಅಂದರೆ ಮೊಟ್ಟಮೊದಲ ಮಟ್ಟದ ಜರ್ಮನ್ ಅಷ್ಟೇ. ಮನೆಯಲ್ಲಿ ಮಗನ ಜೊತೆ ಆಡಬಹುದಾ, ತಪ್ಪು ಕಲಿಸಿಬಿಡುತ್ತೇನಾ ಅಂತ ಭಯ.

ಉತ್ತರ: ಧಾರಾಳವಾಗಿ ಆಡಿ. 'ನನ್ನ ಸೂಟ್‌ಕೇಸ್ ತುಂಬುತ್ತೇನೆ' ಅಂತ ಒಂದು ಆಟ ಇದೆ. ಒಬ್ಬರು ಒಂದು ವಸ್ತು ಹೇಳಬೇಕು, ಮುಂದಿನವರು ಅದನ್ನೂ ಹೇಳಿ ಇನ್ನೊಂದು ಸೇರಿಸಬೇಕು, ಪಟ್ಟಿ ಉದ್ದವಾಗುತ್ತಾ ಹೋಗುತ್ತದೆ. ಇಲ್ಲಿ ಒಂದೇ ಒಂದು ಎಚ್ಚರ. ಡೇರ್ ಪದಗಳ ಮುಂದೆ 'ಒಂದು' ಅನ್ನುವುದಕ್ಕೆ ಬರುವ 'ಐನ್' ಈ ವಾಕ್ಯದಲ್ಲಿ 'ಐನೆನ್' ಆಗುತ್ತದೆ. ಡೀ ಮತ್ತು ಡಾಸ್ ಪದಗಳಲ್ಲಿ ಅದು ಬದಲಾಗುವುದಿಲ್ಲ. ಅದಕ್ಕೇ ಮೊದಲ ಕೆಲವು ವಾರ ದೀಪ, ಪುಸ್ತಕ, ಗಡಿಯಾರ ಇಂಥವನ್ನೇ ಸೂಟ್‌ಕೇಸಿಗೆ ಹಾಕಿ: 'ಐನೆ ಲಾಂಪೆ', 'ಐನ್ ಬೂಖ್', 'ಐನೆ ಊರ್'. ಚೆಂಡು, ಟೋಪಿ ಆಮೇಲೆ ಬರಲಿ.