ವೆಬ್‌ಸೈಟ್ ರೀಡಿಸೈನ್ ಮಾಡಿಕೊಟ್ಟ ಮೇಲೆ ‘ಹಿಂಗ್ಯಾಕ ಮಾಡೀರಿ?’ ಅನ್ನುವ ಗಿರಾಕಿಗೆ ಹೇಗೆ ವಿವರಿಸಬೇಕು?

‘ಕ್ಲೀನ್ ಲುಕ್’, ‘ಮಾಡರ್ನ್ ಫೀಲ್’ ಅನ್ನುವ ಮಾತುಗಳನ್ನು ಮೊದಲು ಬಿಟ್ಟುಬಿಡಿ. ಬಣ್ಣ ಯಾಕೆ ತೆಗೆದಿರಿ, ಇಷ್ಟು ಜಾಗ ಯಾಕೆ ಖಾಲಿ ಬಿಟ್ಟಿರಿ ಅಂತ ನಿಮ್ಮ ಗಿರಾಕಿ ಕೇಳುತ್ತಾರೆ ಅಂದಿದ್ದೀರಿ. ಅದಕ್ಕೆ ಈ ಉತ್ತರ ಕೊಟ್ಟರೆ ಅವರ ಕಿವಿಗೆ ಬೀಳುವುದು ಇಷ್ಟೇ: ‘ನನಗೆ ಚೆಂದ ಕಂಡಿತು, ಮಾಡಿದೆ.’ ಚೆಂದದ ಮಾತಿಗೆ ಬಂದರೆ ಅವರಿಗೂ ಕಣ್ಣಿದೆ, ಅವರ ಅಳಿಯನಿಗೂ ಕಣ್ಣಿದೆ, ರೊಕ್ಕ ಕೊಡುವವರೂ ಅವರೇ. ಆ ವಾದದಲ್ಲಿ ನೀವು ಗೆಲ್ಲುವುದಿಲ್ಲ.

ನಾನು ಹುಬ್ಬಳ್ಳಿಯಲ್ಲಿ ಇದೇ ಕೆಲಸ ಮಾಡುತ್ತೇನೆ. ಗಿರಾಕಿಗಳಲ್ಲಿ ಹೆಚ್ಚಿನವರು ಹಾವೇರಿ, ಗದಗ ಕಡೆಯ ವ್ಯಾಪಾರಸ್ಥರು. ಸೈಟಿಗೆ ಯಾರು ಬರುತ್ತಾರೆ, ಏನು ಹುಡುಕುತ್ತಾರೆ, ಹಳೆಯದರಲ್ಲಿ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತಿದ್ದರು ಅನ್ನುವುದಕ್ಕೆ ಪ್ರತಿ ಬದಲಾವಣೆಯನ್ನೂ ಜೋಡಿಸಿ ಹೇಳುತ್ತೇನೆ. ಅದೂ ಅವರ ಧಂದೆಯ ಮಾತಿನಲ್ಲೇ.

ಬ್ಯಾಡಗಿಯ ಒಬ್ಬ ಮೆಣಸಿನಕಾಯಿ ದಲಾಲರ ಸೈಟ್ ತೆಗೆದುಕೊಳ್ಳಿ. ಹಳೆಯದು ಹಿನ್ನೆಲೆಯಿಂದ ಮೆನುವಿನವರೆಗೆ ಕೆಂಪು, ಅದರ ಮೇಲೆ ಹಳದಿ ಅಕ್ಷರ, ನಡುವೆ ಕಾಯಿಯ ಫೋಟೋ. ನಾನು ಹಿನ್ನೆಲೆ ಬಿಳಿ ಮಾಡಿದೆ. ‘ಮೆಣಸಿನಕಾಯಿ ಅಂಗಡಿಗೆ ಕೆಂಪ ಬ್ಯಾಡಂದ್ರ ಹೆಂಗ್ರಿ?’ ಅಂದರು. ನ್ಯಾಯವಾದ ಪ್ರಶ್ನೆಯೇ. ‘ನಿಮ್ಮ ಕಾಯಿ ಖಾರಕ್ಕ ಮಾರತೈತೋ, ಬಣ್ಣಕ್ಕ ಮಾರತೈತೋ ಹೇಳ್ರಿ ಸಾವ್ಕಾರ್ರ’ ಅಂದೆ. 2011ರಲ್ಲಿ ಭೌಗೋಳಿಕ ಸೂಚಕ ಪಡೆದ ಬ್ಯಾಡಗಿ ಕಾಯಿ ಹೆಸರಾಗಿರುವುದೇ ಖಾರ ಕಡಿಮೆ, ಬಣ್ಣ ಹೆಚ್ಚು ಅಂತ. ಓಲಿಯೋರೆಸಿನ್, ಅಂದರೆ ಕಾಯಿಯ ಬಣ್ಣ-ಸಾರದ ಗಟ್ಟಿ ಎಣ್ಣೆ, ತೆಗೆಯುವ ಕಂಪನಿಯವರು ಕೊಳ್ಳುವುದೂ ಆ ಬಣ್ಣಕ್ಕೇ. ಒಂದೇ ಫೋಟೋವನ್ನು ಕೆಂಪಿನ ಮೇಲೆ, ಬಿಳಿಯ ಮೇಲೆ ಅಕ್ಕಪಕ್ಕ ಇಟ್ಟು ತೋರಿಸಿದೆ. ಬ್ಯಾಡಗಿಯಲ್ಲಿ ಕಡ್ಡಿ, ಡಬ್ಬಿ ಅಂತ ಎರಡು ತಳಿ. ಬಿಳಿಯ ಮೇಲೆ ಕಡ್ಡಿಯ ಸುಕ್ಕು ಗೆರೆಗೆರೆಯಾಗಿ ಕಂಡಿತು, ಡಬ್ಬಿಯ ದುಂಡು ಬೇರೆಯಾಗಿ ಕಂಡಿತು. ಕೆಂಪಿನ ಮೇಲೆ ಎರಡೂ ಮಂಕಾಗಿ ಒಂದೇ ರಾಶಿಯ ಹಾಗಿದ್ದವು. ಮುಂದೆ ನಾನು ಹೆಚ್ಚು ಮಾತಾಡಬೇಕಾಗಲಿಲ್ಲ.

ಕೆಂಪನ್ನು ಪೂರ್ತಿ ಬಿಡಲಿಲ್ಲ, ತಲೆಬರಹಕ್ಕೂ ಬಟನ್ನಿಗೂ ಇಟ್ಟೆ. ಆದರೆ ಅಪ್ಪಟ ಕೆಂಪಲ್ಲ. ವೆಬ್ ಪುಟ ಎಲ್ಲರಿಗೂ ಓದಲು ಬರಬೇಕು ಅಂತ ಇರುವ ಡಬ್ಲ್ಯುಸಿಎಜಿ ನಿಯಮದಲ್ಲಿ ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ಕಾಂಟ್ರಾಸ್ಟ್ (ಎರಡರ ಹೊಳಪಿನ ಅಂತರ) ಬೇಕು, ದೊಡ್ಡ ಅಕ್ಷರಕ್ಕೆ 3:1 ಸಾಕು. ಬಿಳಿಯ ಮೇಲೆ ಅಪ್ಪಟ ಕೆಂಪು ಸುಮಾರು 4:1ಕ್ಕೆ ನಿಲ್ಲುತ್ತದೆ, ಸಾಮಾನ್ಯ ಅಕ್ಷರಕ್ಕೆ ಅದು ಸಾಲದು. ಪುಟದ ಅಂದಚೆಂದ ಬರೆಯುವ ಭಾಷೆ ಸಿಎಸ್‌ಎಸ್‌ನಲ್ಲಿ ‘ಡಾರ್ಕ್‌ರೆಡ್’ ಅನ್ನುವ ಗಾಢ ಕೆಂಪು 10:1ರ ಹತ್ತಿರ ಹೋಗುತ್ತದೆ, ಒಣಗಿದ ಬ್ಯಾಡಗಿಯ ಬಣ್ಣಕ್ಕೂ ಅದೇ ಸಮೀಪ. ಈ ಅಂಕಿಗಳು ನಿಮ್ಮ ಧೈರ್ಯಕ್ಕೆ ಇರಲಿ. ಗಿರಾಕಿಯ ಮುಂದೆ ಓದಬೇಡಿ. ಹಳೆಯದು ಹೊಸದು ಎರಡನ್ನೂ ಅವರದೇ ಮೊಬೈಲಿನಲ್ಲಿ ತೆರೆದುಕೊಟ್ಟು, ಮಧ್ಯಾಹ್ನದ ಬಿಸಿಲಿಗೆ ಕರೆದುಕೊಂಡು ಹೋಗಿ ದರ ಓದಲು ಹೇಳಿ. ಎಪಿಎಂಸಿಯಲ್ಲಿ ರೈತ ನೋಡುವುದೂ ಹಾಗೆಯೇ, ಆಫೀಸಿನ ಟ್ಯೂಬ್‌ಲೈಟಿನ ಕೆಳಗಲ್ಲ. ನಾವು ಡಿಸೈನರುಗಳು ಪ್ರೀತಿಸುವ ತಿಳಿ ಬೂದು ಅಕ್ಷರವೂ ಆ ಬಿಸಿಲಿನಲ್ಲೇ ಮಾಯವಾಗುತ್ತದೆ, ಅದನ್ನೂ ನೋಡಿಕೊಳ್ಳಿ.

ಫಾಂಟ್ ವಿಷಯಕ್ಕೆ ಜಗಳ ಹೆಚ್ಚು. ಗೂಗಲ್ ಫಾಂಟ್ಸ್‌ನಲ್ಲಿ ‘ಹುಬ್ಬಳ್ಳಿ’ ಅಂತಲೇ ಒಂದು ಫಾಂಟ್ ಇದೆ. ಹೆಸರು ಕೇಳಿದೊಡನೆ ನಮ್ಮ ಕಡೆಯವರಿಗೆ ಅದೇ ಬೇಕು! ಆದರೆ ಅದರಲ್ಲಿ ಬೋಲ್ಡ್, ಅಂದರೆ ದಪ್ಪ ಅಕ್ಷರ, ಇಲ್ಲ. ಬೋಲ್ಡ್ ಕೇಳಿದರೆ ಬ್ರೌಸರ್ ತಾನೇ ಅಕ್ಷರವನ್ನು ಉಬ್ಬಿಸುತ್ತದೆ. ಸಣ್ಣ ಗಾತ್ರದಲ್ಲಿ ಖ, ಭ ಒಳಗಿನ ಕಿಂಡಿ ಮುಚ್ಚಿಹೋಗುತ್ತದೆ. ದರದ ಪಟ್ಟಿಗೆ ಬೋಲ್ಡ್ ಇರುವ ನೋಟೋ ಸ್ಯಾನ್ಸ್ ಕನ್ನಡ ಫಾಂಟ್ ಹಾಕಿದ್ದು ಅದಕ್ಕೇ. ಇನ್ನು ಇಂಗ್ಲಿಷ್ ಟೆಂಪ್ಲೇಟಿನ 1.2 ಲೈನ್‌ಹೈಟನ್ನು (ಅಕ್ಷರದ ಗಾತ್ರಕ್ಕೆ ಸಾಲಿನ ಎತ್ತರ ಎಷ್ಟು ಪಟ್ಟು ಅನ್ನುವುದು) ಹಾಗೇ ಬಿಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ‘ಹುಬ್ಬಳ್ಳಿ’ ಅನ್ನುವ ಪದವನ್ನೇ ಎರಡು ಸಾಲು ಟೈಪ್ ಮಾಡಿ ತೋರಿಸಿ, ಅದರಲ್ಲಿ ಎರಡೆರಡು ಒತ್ತು ಇವೆ. ನಾನು 1.6ಕ್ಕಿಂತ ಕೆಳಗೆ ಇಳಿಯುವುದಿಲ್ಲ.

‘ಇಷ್ಟ ಜಾಗಾ ಯಾಕ ಖಾಲಿ ಬಿಟ್ಟೀರಿ? ಅದಕ್ಕೂ ರೊಕ್ಕಾ ಕೊಟ್ಟೇವಲ್ಲ’ ಅನ್ನುವ ಮಾತು ನಿಮಗೂ ಬಂದಿರಬೇಕು. ಮಾರುಕಟ್ಟೆಯಲ್ಲಿ ಚೀಲದ ಸಾಲುಗಳ ನಡುವೆ ಖರೀದಿದಾರ ಅಡ್ಡಾಡಿ, ಕೈಯಲ್ಲಿ ಹಿಡಿದು ನೋಡಲು ದಾರಿ ಬಿಡುತ್ತಾರಲ್ಲ, ಅದನ್ನೇ ನೆನಪಿಸಿದೆ. ಒಪ್ಪಿದರು. ಒಂದರ ಹಿಂದೊಂದು ಫೋಟೋ ತಾನೇ ಓಡುವ ಸ್ಲೈಡರನ್ನು ತೆಗೆದದ್ದಕ್ಕೆ ಯಾರೂ ತಕರಾರು ಮಾಡಲಿಲ್ಲ.

ಎಲ್ಲದಕ್ಕೂ ಹಟ ಹಿಡಿಯಬೇಡಿ. ಬಿಲ್ ಬುಕ್ಕಿನಲ್ಲಿ ಇರುವ ಹಾಗೆ ಸೈಟಿನ ನೆತ್ತಿಯ ಮೇಲೂ ದೇವರ ಹೆಸರು, ‘ಪ್ರಸನ್ನ’ ಬೇಕೇ ಬೇಕು ಅಂದರು. ಸಣ್ಣ ಒಂದು ಸಾಲು, ಯಾರ ದಾರಿಗೂ ಅಡ್ಡ ಬರುವುದಿಲ್ಲ, ಇಟ್ಟೆ. ತಂದೆಯವರ ದೊಡ್ಡ ಫೋಟೋ ಮಾತ್ರ ‘ನಮ್ಮ ಬಗ್ಗೆ’ ಪುಟಕ್ಕೆ ಹೋಯಿತು, ಆ ಜಾಗದಲ್ಲಿ ಫೋನ್ ನಂಬರ್ ಬಂತು. ಬಟನ್ನಿನ ಮೂಲೆ ದುಂಡಗಿರಬೇಕೋ ಚೌಕವೋ ಅಂತ ಕೇಳಿದರೆ, ಅದು ನನ್ನ ರುಚಿ, ನಿಮಗೆ ಬೇಕಾದ್ದು ಹೇಳಿ ಅನ್ನುತ್ತೇನೆ. ಇಲ್ಲದ ಕಾರಣ ಹುಟ್ಟಿಸಿ ಹೇಳಿದರೆ ನಿಜವಾದ ಕಾರಣಗಳನ್ನೂ ನಂಬುವುದಿಲ್ಲ.

ಇನ್ನೊಂದು ಮಾತು. ನಿಮ್ಮ ಮುಂದೆ ಕೂತು ತಲೆಯಾಡಿಸಿದವರು ಒಬ್ಬರೇ ನಿರ್ಧಾರ ಮಾಡುವುದಿಲ್ಲ. ಸ್ಕ್ರೀನ್‌ಶಾಟ್ ರಾತ್ರಿ ಮನೆಯವರ ವಾಟ್ಸಾಪ್ ಗ್ರೂಪಿಗೆ ಹೋಗುತ್ತದೆ, ಅಲ್ಲಿ ವಿವರಿಸಲು ನೀವು ಇರುವುದಿಲ್ಲ. ಹಾಗಾಗಿ ಚಿತ್ರದ ಮೇಲೆಯೇ, ಕನ್ನಡದಲ್ಲಿ, ಒಂದೊಂದು ಸಾಲು ಬರೆದು ಕಳಿಸಿ: ‘ದರ ಮೇಲೆ ತಂದಿದ್ದೇವೆ, ರೈತರು ಮೊದಲು ಕೇಳುವುದು ಅದನ್ನೇ.’