ಊರಲ್ಲಿ ಕಾಣದ ಗ್ರಹಣ ಪರದೇಶದಲ್ಲಿ ಕಂಡೀತೇ?

ಪ್ರಶ್ನೆ: 2029ರ ಜೂನ್ 26ರಂದು ಖಗ್ರಾಸ ಚಂದ್ರಗ್ರಹಣ, ಆದರೆ ಭಾರತದಲ್ಲಿ ಗೋಚರವಿಲ್ಲ ಎಂದು ಓದಿದೆ. ನಾವಿರುವುದು ಅಮೆರಿಕದ ನ್ಯೂಜೆರ್ಸಿಯಲ್ಲಿ. ನಮಗೆ ಕಂಡೀತೇ? ಎಷ್ಟು ಹೊತ್ತಿಗೆ, ಯಾವ ದಿಕ್ಕಿಗೆ ನೋಡಬೇಕು?

ಉತ್ತರ: ಸ್ಪರ್ಶದಿಂದ (ನೆರಳು ತಾಗುವ ಕ್ಷಣ) ಮೋಕ್ಷದವರೆಗೂ (ನೆರಳು ಪೂರ್ತಿ ಬಿಡುವ ಕ್ಷಣ) ಕಾಣುತ್ತದೆ. ಆದರೆ 26ರ ರಾತ್ರಿಗೆ ಕಾಯಬೇಡಿ, ಅಷ್ಟರಲ್ಲಿ ಮುಗಿದಿರುತ್ತದೆ. ನಿಮ್ಮಲ್ಲಿ ಅದು ಸೋಮವಾರ, 25ರ ರಾತ್ರಿ.

ಸೂರ್ಯಗ್ರಹಣದ ಸ್ಪರ್ಶಕಾಲ ಊರಿಂದೂರಿಗೆ ಬದಲಾಗುತ್ತದೆ. ಚಂದ್ರಗ್ರಹಣ ಹಾಗಲ್ಲ. ನೆರಳು ಬೀಳುವುದು ಚಂದ್ರನ ಮೇಲೆಯೇ, ಆದ್ದರಿಂದ ಚಂದ್ರ ಕಾಣುವವರಿಗೆಲ್ಲ ಅದೇ ಕ್ಷಣ. ಭಾರತೀಯ ಕಾಲಮಾನದಲ್ಲಿ ಸ್ಪರ್ಶ ಬೆಳಿಗ್ಗೆ 7.02ಕ್ಕೆ, ಆಗ ಕರ್ನಾಟಕದಲ್ಲಿ ಚಂದ್ರ ಮುಳುಗಿ ಗಂಟೆ ಮೇಲಾಗಿರುತ್ತದೆ. ಜೂನ್‌ನಲ್ಲಿ ನಿಮ್ಮ ಗಡಿಯಾರ ಒಂಬತ್ತೂವರೆ ಗಂಟೆ ಹಿಂದೆ. ಚಳಿಗಾಲದ ಹತ್ತೂವರೆ ಕಳೆದರೆ ಲೆಕ್ಕ ತಪ್ಪುತ್ತದೆ. ಹಾಗಾಗಿ ಸ್ಪರ್ಶ ರಾತ್ರಿ 9.32, ಸಮ್ಮೀಲನ (ಚಂದ್ರ ಪೂರ್ತಿ ಮುಚ್ಚುವುದು) 10.31, ಮಧ್ಯ 11.22, ಉನ್ಮೀಲನ (ಅಂಚು ಮತ್ತೆ ಬೆಳಗತೊಡಗುವುದು) 12.13, ಮೋಕ್ಷ 1.12. ಚಂದ್ರ ನೆರಳಿನ ನಡುವಿನಲ್ಲೇ ಹಾದುಹೋಗುವುದರಿಂದ ಪೂರ್ತಿ ಮುಚ್ಚಿರುವುದೇ 102 ನಿಮಿಷ. ಇಷ್ಟು ದೀರ್ಘವಾದದ್ದು ಅಪರೂಪ, ತಪ್ಪಿಸಿಕೊಳ್ಳಬೇಡಿ.

ಎಡವುವುದು ಜಾಗದಲ್ಲಿ. ಬೇಸಿಗೆಯ ಹುಣ್ಣಿಮೆ ಚಂದ್ರ ಆ ಉತ್ತರದ ಅಕ್ಷಾಂಶದಲ್ಲಿ ಬಹಳ ತಗ್ಗಿನಲ್ಲೇ ಸಾಗುತ್ತಾನೆ. ಬೆಂಗಳೂರಲ್ಲಾದರೆ 54 ಡಿಗ್ರಿ ಏರುವವನು ನಿಮ್ಮಲ್ಲಿ ಹೆಚ್ಚೆಂದರೆ 26. ಕೈ ಚಾಚಿ ಹಿಡಿದ ಮುಷ್ಟಿ ಸುಮಾರು 10 ಡಿಗ್ರಿ. ಗ್ರಹಣಮಧ್ಯದಲ್ಲಿ ಚಂದ್ರ ಕ್ಷಿತಿಜದಿಂದ ಎರಡು ಮುಷ್ಟಿ ಮೇಲಿರುತ್ತಾನೆ, ಸ್ಪರ್ಶದಲ್ಲಿ ಒಂದು ಮುಷ್ಟಿಯೂ ಇಲ್ಲ. ಹಿತ್ತಲಿನ ಮೇಪಲ್ ಮರವೇ ಸಾಕು ಮರೆಮಾಡಲು. ಆಗ್ನೇಯದಿಂದ ದಕ್ಷಿಣದವರೆಗೆ ಬಯಲಿರುವ ಜಾಗವನ್ನು ಹಗಲಲ್ಲೇ ನೋಡಿಟ್ಟುಕೊಳ್ಳಿ.

ಬರಿಗಣ್ಣಲ್ಲಿ ನೋಡಬಹುದು, ಯಾವ ಕನ್ನಡಕವೂ ಬೇಡ. 10×50 ಬೈನಾಕ್ಯುಲರ್ ಇದ್ದರೆ ನೆರಳಿನ ಬಣ್ಣಗಳು ಚೆನ್ನಾಗಿ ಕಾಣುತ್ತವೆ. ಊರ ದೀಪಗಳಿಂದ ದೂರ ಹೋದರೆ ಇನ್ನೊಂದು ಲಾಭ: ಚಂದ್ರ ಆಗ ಧನು ರಾಶಿಯ ನಕ್ಷತ್ರಗಳ ನಡುವೆ, ಆಕಾಶಗಂಗೆಯ ದಟ್ಟ ಭಾಗದಲ್ಲೇ ಇರುತ್ತಾನೆ. ಹುಣ್ಣಿಮೆಯ ಬೆಳಕಿಗೆ ಅಳಿಸಿಹೋಗಿದ್ದ ಆಕಾಶಗಂಗೆ ಸಮ್ಮೀಲನದ ನಂತರ ಮೂಡಿಬರುತ್ತದೆ. ಅದಕ್ಕೆ ಇಪ್ಪತ್ತು ನಿಮಿಷ ಫೋನ್ ಮುಟ್ಟದೆ ಕಣ್ಣನ್ನು ಕತ್ತಲೆಗೆ ಒಗ್ಗಿಸಬೇಕು.

ಫೋಟೊಗೆ ಟ್ರೈಪಾಡ್ ಬೇಕೇ ಬೇಕು. ಖಂಡಗ್ರಾಸದಲ್ಲಿ, ಅಂದರೆ ಒಂದು ಭಾಗ ಮಾತ್ರ ಮುಚ್ಚಿರುವಾಗ, ಫೋನ್ ಚಂದ್ರನನ್ನು ಬಿಳಿ ಬಿಲ್ಲೆ ಮಾಡಿಬಿಡುತ್ತದೆ. ಪರದೆಯಲ್ಲಿ ಚಂದ್ರನನ್ನೇ ಒತ್ತಿ ಹಿಡಿದು ಬೆಳಕು ಇಳಿಸಿ. ಪೂರ್ತಿ ಮುಚ್ಚಿದ ಮೇಲೆ ಇದಕ್ಕೆ ತದ್ವಿರುದ್ಧ. 200 ಮಿ.ಮೀ. ಲೆನ್ಸಿನ ಕ್ಯಾಮೆರಾದಲ್ಲಿ ಐಎಸ್‌ಒ 3200, ಎಫ್/4, 1 ಸೆಕೆಂಡಿನಿಂದ ಶುರುಮಾಡಿ. ಅದಕ್ಕಿಂತ ಹೊತ್ತು ತೆರೆದಿಟ್ಟರೆ ಭೂಮಿಯ ಸುತ್ತಾಟಕ್ಕೆ ಅಂಚು ಕಲಸಿಹೋಗುತ್ತದೆ.

ಪ್ರಶ್ನೆ: ಕ್ಯಾಲಿಫೋರ್ನಿಯಾದ ಸ್ಯಾನ್‌ಹೊಸೆಯಲ್ಲಿ ಇದೇ ಗ್ರಹಣ?

ಉತ್ತರ: ಮೇಲಿನ ಸಮಯಗಳಿಂದ ಮೂರು ಗಂಟೆ ಕಳೆಯಿರಿ. ನಿಮಗೆ ಚಂದ್ರೋದಯವೇ ಸುಮಾರು ಎಂಟೂವರೆಗೆ, ಅಂದರೆ ಪೂರ್ತಿ ಮುಚ್ಚಿಕೊಂಡೇ ಹುಟ್ಟುತ್ತಾನೆ. ಮುಸ್ಸಂಜೆ ಬೆಳಕಲ್ಲಿ ಆ ಮಂಕು ಚಂದ್ರನನ್ನು ಹುಡುಕುವುದು ಕಷ್ಟ; ಒಂಬತ್ತರ ಸುಮಾರಿಗೆ ಆಗ್ನೇಯದಲ್ಲಿ ಬೈನಾಕ್ಯುಲರ್ ಹಿಡಿದು ನೋಡಿ. 9.13ಕ್ಕೆ ಅಂಚು ಬೆಳಗತೊಡಗಿ, 10.12ಕ್ಕೆ ಮೋಕ್ಷ.